ದನಿ ನೋಡಿ ತಂದ ಟ್ಯಾಬು

ಹಳೆಯ ಟ್ಯಾಬು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಮನೆಯವರೆಲ್ಲ ನಂಬುವಂತೆ ಮಾಡಿದವನು ನಾನು. ಇದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಇಷ್ಟು ಬರೆಯುವುದರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ.

ಅದು ನಮ್ಮ ಸಿಂದಗಿಯ ಮನೆಗೆ ಬಂದದ್ದು ಮೊಮ್ಮಗಳ ಸಾಲಿ ಮನೆಯಲ್ಲೇ ನಡೆಯುತ್ತಿದ್ದ ಕಾಲದಲ್ಲಿ. ಸಾಲಿಯ ಬಾಗಿಲು ತೆರೆದ ಮೇಲೆ ಅವಳಿಗೆ ಅದು ಬೇಡವಾಯಿತು, ಮುದುಕರಾದ ನಮ್ಮಿಬ್ಬರ ಪಾಲಿಗೆ ಬಂತು. ಒಂದು ಮೂಲೆ ಒಡೆದಿತ್ತು. ಚಾರ್ಜಿನ ವಾಯರನ್ನು ಸ್ವಲ್ಪ ಸೊಟ್ಟ ಮಾಡಿ ಇಟ್ಟರೆ ಮಾತ್ರ ಹಿಡಿಯುತ್ತಿತ್ತು. ಒತ್ತಿದ ಮೇಲೆ ಏಳಲು ನನ್ನಂತೆಯೇ ಹೊತ್ತು ತೆಗೆದುಕೊಳ್ಳುತ್ತಿತ್ತು. ಎದ್ದ ಮೇಲೆ ಮಾತ್ರ ಕೆಲಸಕ್ಕೆ ಹಿಂದೆ ಬೀಳುತ್ತಿರಲಿಲ್ಲ.

ನನಗೆ ಅದು ಬೇಕಾಗಿದ್ದದ್ದು ಕಬಡ್ಡಿ ನೋಡಲು. ನನ್ನ ಹೆಂಡತಿಗೆ ಬೇಕಾಗಿದ್ದದ್ದು ತಂಗಡಗಿಯಲ್ಲಿರುವ ಅವಳ ಅಕ್ಕನ ಜೊತೆ ಮಾತಾಡಲು. ಇಬ್ಬರಿಗೂ ಬೇಕಾದದ್ದು ಸಂಜೆಯ ಅದೇ ಹೊತ್ತಿನಲ್ಲಿ.

ಅಕ್ಕನ ವಿಷಯ ಹೇಳಬೇಕು. ಅಕ್ಕತಂಗಿಯರಿಬ್ಬರೂ ಮಸೂತಿ ಎಂಬ ಊರಿನವರು. ಒಬ್ಬಳು ಹೊಳೆಯ ದಂಡೆಯ ತಂಗಡಗಿಗೆ ಹೋದಳು, ಒಬ್ಬಳು ನನ್ನ ಕೈ ಹಿಡಿದು ಸಿಂದಗಿಗೆ ಬಂದಳು. ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂದು ಹೋದ ಮೇಲೆ ಅಕ್ಕನ ಕಿವಿ ಸ್ವಲ್ಪಸ್ವಲ್ಪವಾಗಿ ಹೋಗುತ್ತ ಪೂರ್ತಿ ಹೋಯಿತು. ಮಗ ಕಿವಿಗೆ ಹಾಕುವ ಯಂತ್ರ ಕೊಡಿಸಿದ. ಒಳಗೆ ಜೇನುಹುಳ ಹೊಕ್ಕಂತೆ ಆಗುತ್ತದೆ ಎಂದು ಅದನ್ನು ತೆಗೆದು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟರು. ಆಮೇಲೆ ಯಾರೂ ಕಲಿಸದೆ ಎದುರಿನವರ ಬಾಯಿ ನೋಡಿ ಮಾತು ತಿಳಿಯುವುದನ್ನು ಕಲಿತರು. ಮಗನ ಬಾಯಿ, ಸೊಸೆಯ ಬಾಯಿ ಅಷ್ಟಿಷ್ಟು ತಿಳಿಯುತ್ತದೆ. ತಂಗಿಯದು ಮಾತ್ರ ಪೂರ್ತಿ ತಿಳಿಯುತ್ತದೆ. ಆಕೆ ತೊದಲಿದ ಮೊದಲ ಮಾತನ್ನೂ ನೋಡಿದವರಲ್ಲವೇ.

ಹೀಗಾಗಿ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ವಿಚಿತ್ರ ನಡೆಯುತ್ತಿತ್ತು. ನನ್ನ ಹೆಂಡತಿ ಟ್ಯಾಬನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಉದ್ದಕ್ಕೆ ನಿಲ್ಲಿಸಿ, ಅದರ ಮುಂದೆ ಕೂತು ತುಟಿ ಆಡಿಸುತ್ತಿದ್ದಳು. ದನಿ ಹೊರಡಿಸುತ್ತಿರಲಿಲ್ಲ. ಕೇಳದವರಿಗೆ ಯಾಕೆ ದನಿ ಎಂದು ಬಿಟ್ಟಿದ್ದಳು. ಅತ್ತ ಕಡೆಯಿಂದ ಅಕ್ಕನ ದನಿ ಮಾತ್ರ ಓಣಿಗೆಲ್ಲ ಕೇಳುವಂತೆ ಬರುತ್ತಿತ್ತು. ಪಡಸಾಲೆಯಲ್ಲಿ ಕೂತ ನನಗೆ ಸಿಗುತ್ತಿದ್ದದ್ದು ಅರ್ಧ ಮಾತು.

"ಹೌದಾ? ಹಂಗಂದ್ರಾ? ಅಯ್ಯ, ಬಿಡು ನಮ್ಮವ್ವ. ಅವರು ಹುಟ್ಟಿದಾಗಿಂದ್ಲೂ ಹಂಗ ಇರಬೇಕು." ಆಮೇಲೆ ಇಬ್ಬರ ನಗೆ.

ನಾನು ಒಳಗೆ ಹೋಗಿ ಕೇಳುತ್ತಿದ್ದೆ: "ಏನಂದಿ ನೀ?"

"ನಿಮ್ಮ ಸುದ್ದಿ ಅಲ್ರೀ. ಹಾಲಿನವನ ಸುದ್ದಿ."

"ಹಾಲಿನವ ಹುಟ್ಟಿದಾಗ ಹೆಂಗಿದ್ದ ಅಂತ ತಂಗಡಗಿಯಾಕಿಗೆ ಏನು ಗೊತ್ತು?"

ಆಕೆ ಮತ್ತೆ ಟ್ಯಾಬಿನ ಕಡೆ ತಿರುಗುತ್ತಿದ್ದಳು. ನಾನು ತಿರುಗಿ ಬಂದು ಕುರ್ಚಿಯಲ್ಲಿ ಕೂಡುತ್ತಿದ್ದೆ, ಏಳುತ್ತಿದ್ದೆ, ಬಾಗಿಲವರೆಗೆ ಹೋಗುತ್ತಿದ್ದೆ. ಕಬಡ್ಡಿ ಶುರುವಾಗಿರುತ್ತಿತ್ತು. ಜೀವಮಾನವೆಲ್ಲ ಧಾನ್ಯದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ನಾಲ್ಕು ಜನರ ಮಾತಿನ ನಡುವೆ ಇದ್ದವನು ನಾನು. ನನ್ನ ಸ್ವಂತ ಮನೆಯಲ್ಲಿ ನನ್ನ ಹೆಂಡತಿ ಏನು ಮಾತಾಡುತ್ತಿದ್ದಾಳೆ ಎಂಬುದು ಹೊಳೆದಂಡೆಯ ಕಿವುಡಿಗೆ ಗೊತ್ತು, ನನಗೆ ಗೊತ್ತಿಲ್ಲ. ಹೌದು, ಆಗ ನಾನು ಮನಸ್ಸಿನಲ್ಲಿ ಅವರನ್ನು ಕಿವುಡಿ ಎಂದೇ ಅನ್ನುತ್ತಿದ್ದೆ.

ವೈಫೈ ಡಬ್ಬಿ ನನ್ನ ಕುರ್ಚಿಯ ಹಿಂದಿನ ಗೋಡೆಗಿತ್ತು. ಒಂದು ಸಂಜೆ ಕೈ ತಾನಾಗಿ ಅದರ ಸ್ವಿಚ್ಚಿಗೆ ಹೋಯಿತು. ತಾನಾಗಿ ಎಂದು ಬರೆದದ್ದೂ ಸುಳ್ಳು. ನಾನೇ ಒಯ್ದೆ. ಒಳಗೆ "ಈ ಸಲ ನೀ ಬಾ ಅಂದ್ರ ನಾ..." ಎನ್ನುತ್ತಿದ್ದ ಅಕ್ಕನ ದನಿ ಅಲ್ಲಿಗೇ ಕಡಿಯಿತು. ಸ್ವಲ್ಪ ತಡೆದು ಸ್ವಿಚ್ಚು ಮತ್ತೆ ಹಾಕಿದೆ.

"ನಿಂತಿತು ನೋಡ್ರಿ" ಎಂದು ಆಕೆ ಟ್ಯಾಬು ಹಿಡಿದು ಹೊರಗೆ ಬಂದಳು.

"ಅದಕ್ಕೂ ವಯಸ್ಸಾತು. ಎಷ್ಟಂತ ದುಡೀತೈತಿ? ಇಲ್ಲಿ ಕೊಡು" ಎಂದು ಇಸಿದುಕೊಂಡು ಕಬಡ್ಡಿ ಹಚ್ಚಿದೆ.

ಆಮೇಲೆ ಕಬಡ್ಡಿ ಇದ್ದ ಸಂಜೆಯೆಲ್ಲ ಇದನ್ನೇ ಮಾಡಿದೆ. ನಡುನಡುವೆ ಕಡಿಯುವುದು ಟ್ಯಾಬಿನ ರೋಗವೆಂದು ಮನೆಯಲ್ಲಿ ಮಾತು ನಿಂತಿತು. ಸೊಸೆ ಕೇಳಿದಳು, "ಮಾವಾರ, ರಿಪೇರಿಗೆ ಕೊಟ್ಟು ನೋಡೂಣೇನ್ರಿ?"

"ಹಲ್ಲುದುರಿದ ಎತ್ತಿಗೆ ಲಾಳ ಬಡಿಸಿದಂಗ ಆಗತೈತವಾ. ಹೊಸಾದ ತರೂಣು."

ಅವಳು ನಕ್ಕು ಒಪ್ಪಿದಳು. ಆರಿಸುವ ಕೆಲಸ ನನ್ನದೆಂದಾಯಿತು. ಬೇಕಾಗಿದ್ದದ್ದೂ ಅದೇ.

ಆ ದಿನಗಳಲ್ಲಿ ನಾನು ಒಂದು ಕಡೆ ಕೂತವನಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳನ್ನು ಎಷ್ಟು ಸಲ ಹತ್ತಿ ಇಳಿದೆನೆಂದರೆ, ನಾನು ಬರುವುದನ್ನು ಕಂಡರೆ ಒಬ್ಬ ಅಂಗಡಿಯವನು ಫೋನು ಕಿವಿಗಿಟ್ಟುಕೊಂಡು ಮಾತಾಡಿದಂತೆ ಮಾಡುತ್ತಿದ್ದ. ಬಸವನ ಬಾಗೇವಾಡಿಗೆ ಹೋಗಿ ನೋಡಿ ಬಂದೆ. ಅಲ್ಲಿ ಇಷ್ಟವಾದದ್ದು ಬಸ್ಸಿನಲ್ಲಿ ಬರುವಷ್ಟರಲ್ಲಿ ಇಷ್ಟವಾಗದೆ ಹೋಯಿತು. ಕೊನೆಗೆ ಇಂಡಿ ಊರಿನ ಒಂದು ಅಂಗಡಿಯಲ್ಲಿ ಮಾಲು ಛಲೋ ಇರುತ್ತದೆ ಎಂದು ಯಾರೋ ಹೇಳಿದರು. ಹೊರಡುವ ದಿನ ಹೆಂಡತಿ ಹಳೆಯದನ್ನು ಒರೆಸಿ ಚೀಲದಲ್ಲಿಟ್ಟು ಕೊಟ್ಟಳು.

"ನನಗೇನು ಅದರಾಗ ತಿಳಿಯಂಗಿಲ್ರಿ. ಅಕ್ಕಗ ನನ್ನ ಬಾಯಿ ಛಲೋ ಕಾಣಬೇಕು. ಅಷ್ಟ ನೋಡಿ ತರ್ರಿ."

"ಆತು" ಎಂದೆ.

ಇಂಡಿಯ ಅಂಗಡಿಯವರು ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಕನ್ನಡಕ ಹಣೆಯ ಮೇಲಿತ್ತು. ಎರಡು ಟ್ಯಾಬು ತೆಗೆದು ಗಾಜಿನ ಮೇಲೆ ಇಟ್ಟು, ಮೊದಲು ಕೇಳಿದ್ದು ಇದು:

"ಮನಿಯಾಗ ವಿಡಿಯೋ ಕಾಲ್ ಮಾಡಾವ್ರು ಅದಾರೇನ್ರಿ ಯಜಮಾನ್ರ? ಅದಕ್ಕಾದ್ರ ಈ ಕಡೀದು ಒಯ್ರಿ. ಇದರ ಮುಂದಿನ ಕ್ಯಾಮೆರಾ ಸ್ವಚ್ಛ ಐತಿ. ದನಿ ಜರಾ ಸಣ್ಣದು."

ನಾನು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದೆ. ತೊಗರಿಯನ್ನು ಬೊಗಸೆಯಲ್ಲಿ ಹಿಡಿದು ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದ ಕೈ ಇದು. ಹಲ್ಲಲ್ಲಿ ಕಡಿದಾಗ ಬರುವ ಸಪ್ಪಳದಿಂದ ಕಾಳು ಒಣಗಿದೆಯೋ ಹಸಿಯೋ ಹೇಳುತ್ತಿದ್ದೆ. ಮಾಲು ಎಂದರೆ ನನಗೆ ತೂಕ ಮತ್ತು ಸಪ್ಪಳ. ಕ್ಯಾಮೆರಾ ಛಲೋ ಇದ್ದದ್ದು ಕೈಗೆ ಹಗುರವೆನಿಸಿತು. ಇನ್ನೊಂದು ಭಾರವಾಗಿತ್ತು, ದೊಡ್ಡದಿತ್ತು, ನಾಲ್ಕು ಕಡೆಯಿಂದ ದನಿ ಬರುತ್ತಿತ್ತು. ಕಬಡ್ಡಿ ಹಚ್ಚಿಸಿ ಕಿವಿಗೆ ಹಿಡಿದೆ. ಆಟಗಾರನ ಉಸಿರೂ ಕೇಳಿತು.

"ವಿಡಿಯೋ ಕಾಲ್ ಮಾಡಾವ್ರು ನಮ್ಮಲ್ಲಿ ಯಾರೂ ಇಲ್ರಿ. ಇದನ್ನ ಕೊಡ್ರಿ" ಎಂದೆ.

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದು ಈಗಲೂ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ಕಿವಿ ಕೇಳದವರ ಜೊತೆ ಮಾತಾಡಲು ನಾನು ದನಿ ನೋಡಿ ಮಾಲು ಆರಿಸಿದೆ.

ಹಳೆಯದನ್ನು ಬದಲಿಗೆ ಕೊಡುವುದೆಂದು ಮಾತಾಯಿತು. ಅಂಗಡಿಯವರು ಅದನ್ನು ಹಚ್ಚಿ, ಏನೋ ವಿಡಿಯೋ ಬಿಟ್ಟು ಪಕ್ಕಕ್ಕೆ ಇಟ್ಟರು. "ಛಲೋ ಐತಲ್ರಿ ಇದು. ಯಾಕ ಬಿಡ್ತೀರಿ?"

"ನಡುನಡುವ ನಿಲ್ಲತೈತ್ರಿ."

ಅವರು ಪೆಟ್ಟಿಗೆ ಕಟ್ಟುವವರೆಗೂ, ನಾನು ಚಹಾ ಕುಡಿದು ಮುಗಿಸುವವರೆಗೂ ಅದು ಒಮ್ಮೆಯೂ ನಿಲ್ಲಲಿಲ್ಲ. ನಾನು ಬೇರೆ ಕಡೆ ನೋಡುತ್ತ ಕೂತೆ.

ಮನೆಯಲ್ಲಿ ಹೊಸದಕ್ಕೆ ಕುಂಕುಮ ಹಚ್ಚಿದರು. ಅದರ ಜೊತೆ ಬಂದ ಕವಚವನ್ನು ಮಡಚಿದರೆ ಕಾಲು ಕೊಟ್ಟಂತೆ ನಿಲ್ಲುತ್ತಿತ್ತು, ಆದರೆ ಅಡ್ಡಕ್ಕೆ ಮಾತ್ರ. ಇನ್ನು ಭರಣಿ ಯಾಕೆ ಎಂದು ನಾನೇ ಅದನ್ನು ಅಡ್ಡ ನಿಲ್ಲಿಸಿ, ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಹೆಂಡತಿಯನ್ನು ಕೂಡಿಸಿದೆ. ಅಕ್ಕನ ಮುಖ ದೊಡ್ಡದಾಗಿ, ಗಲ್ಲದ ಮೇಲಿನ ಮಚ್ಚೆಯೂ ಕಾಣುವಂತೆ ಬಂತು. ಆಕೆ ಖುಷಿಪಟ್ಟಳು.

ಅಕ್ಕ ಹುಬ್ಬು ಗಂಟಿಕ್ಕಿದರು. "ಯಾಕಬೇ, ಕತ್ತಲಾಗ ಕುಂತೀ? ಈ ಕಡೆ ನೋಡು."

ಆಕೆ ಅಕ್ಕನನ್ನೇ ನೋಡುತ್ತಿದ್ದಳು. ತುಟಿ ಆಡಿಸಿದಳು.

"ಏನಂದಿ? ಎತ್ತಾಗ ನೋಡಾಕತ್ತಿ? ಹೋಗ್ಲಿ ಬಿಡು."

ಕೆಲವು ಸಂಜೆ ಹೀಗೇ ನಡೆಯಿತು. ಮಾತು ಗಿಡ್ಡವಾಗುತ್ತ ಹೋಯಿತು. ನಂತರ ಒಂದು ಸಂಜೆ ಅಕ್ಕ ಬರಲೇ ಇಲ್ಲ. ಫೋನು ಅವರ ಮಗನದು. ಅವನೇ ಮುಖ ತೋರಿಸಿ, "ಅವ್ವ ಇವತ್ತು ಒಲ್ಲೆ ಅಂತಾಳ್ರಿ ಚಿಗವ್ವ" ಎಂದ. ಮರುದಿನವೂ ಅದೇ. ಆಮೇಲೆ ಅವನೂ ಎತ್ತಲಿಲ್ಲ.

ನಾನು ಹೊರಗೆ ನಿಂತು ನನ್ನ ಫೋನಿನಿಂದ ಅವನನ್ನು ಕೇಳಿದೆ. ಅವನು ಹೇಳಲು ಹಿಂದೆಮುಂದೆ ನೋಡಿದ. "ಕಾಕಾ, ಅವ್ವನ ಮಾತು ನಾ ಹೇಳಾಕತ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಮೊದಲ ಮಾತಿನ ನಡುವ ಕಡೀತಿದ್ಲು, ಈಗ ಕತ್ತಲಾಗ ಮಾರಿ ತಿರುವಿ ಕುಂದರ್ತಾಳ, ಬ್ಯಾಡಾದವರ ಬಾಗಲಾ ನಾ ಯಾಕ ಬಡೀಲಿ ಅಂತಾಳ್ರಿ."

ನನ್ನ ಹೆಂಡತಿಗೆ ಇದನ್ನು ಹೇಳಲಿಲ್ಲ. ಆಕೆ ತಾನೇ ಒಂದು ಕಾರಣ ಹುಡುಕಿಕೊಂಡಿದ್ದಳು. ಅಕ್ಕನ ಮೊಮ್ಮಗನ ಕೂಸಿನ ತೊಟ್ಟಿಲ ಕಾರ್ಯಕ್ಕೆ ತಾನು ಮೊಣಕಾಲು ನೋವೆಂದು ಹೋಗಿರಲಿಲ್ಲ, ಅದನ್ನೇ ಅಕ್ಕ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು. ಸಂಜೆ ಆ ಹೊತ್ತಿಗೆ ಟ್ಯಾಬನ್ನು ನನ್ನ ಕಡೆ ಸರಿಸಿ, "ಕಬಡ್ಡಿ ನೋಡ್ರಿ" ಎಂದು ಒಲೆಯ ಮುಂದೆ ಹೋಗಿ ಕೂಡುತ್ತಿದ್ದಳು. ನಾಲ್ಕು ಕಡೆಯಿಂದ ದನಿ ಬರುತ್ತಿತ್ತು. ಯಾರು ಗೆದ್ದರು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಒಮ್ಮೆ ನೀರಿಗೆಂದು ಒಳಗೆ ಹೋದಾಗ ಆಕೆ ರೊಟ್ಟಿ ಬಡಿಯುತ್ತ ತುಟಿ ಆಡಿಸುತ್ತಿದ್ದಳು, ದನಿಯಿಲ್ಲದೆ. ಎದುರಿಗೆ ಯಾರೂ ಇರಲಿಲ್ಲ. ನಾನು ನೀರು ಕುಡಿಯದೆ ಹಿಂದಿರುಗಿದೆ.

ಮರುದಿನವೇ ಇಂಡಿಗೆ ಹೋದೆ, ಹಳೆಯದನ್ನು ಮರಳಿ ತರಲು. ಅಂಗಡಿಯವರು ಕನ್ನಡಕ ಇಳಿಸಿ ನನ್ನ ಮುಖ ನೋಡಿ, "ಅದು ಆವಾಗ್ಲೇ ವಿಜಾಪುರಕ್ಕ ಹೋತ್ರಿ. ಆವತ್ತ ಕೇಳಿದ್ನೆಲ್ರಿ ನಾ" ಎಂದರು. ಹೌದು, ಅವರು ಕೇಳಿದ್ದರು.

ಉಳಿದದ್ದು ತಂಗಡಗಿ. ಮನೆಯಲ್ಲಿ ಬಾಗೇವಾಡಿಯಲ್ಲಿ ಒಬ್ಬರನ್ನು ನೋಡುವುದಿದೆ ಎಂದು ಮತ್ತೊಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಬರುವವರೆಗೆ ಹೇಳಬೇಕಾದ ಮಾತನ್ನು ಬಾಯಲ್ಲಿ ತಿರುವಿ ತಿರುವಿ ಹಾಕಿದೆ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹೊಳೆಯಿತು: ನನ್ನ ಮಾತು ಅಕ್ಕನಿಗೆ ತಿಳಿಯುವುದಿಲ್ಲ. ನನ್ನ ಮೀಸೆ ತುಟಿ ಮುಚ್ಚುವಷ್ಟು ದಪ್ಪ. "ನಿನ್ನ ಮಾತು ಮೀಸ್ಯಾಗ ಸಿಕ್ಕು ಸಾಯ್ತಾವ ತಮ್ಮಾ" ಎಂದು ಅವರು ಎಷ್ಟೋ ಸಲ ಅಂದಿದ್ದರು. ನಾನು ಹೇಳಿದ್ದನ್ನು ಅವರ ಮಗನೋ ನನ್ನ ಹೆಂಡತಿಯೋ ತಮ್ಮ ಬಾಯಿಂದ ಮತ್ತೆ ಹೇಳಿ ತೋರಿಸಬೇಕಾಗುತ್ತಿತ್ತು. ಈ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು ಹೇಗೆ?

ಅಲ್ಲೇ ಒಂದು ಕ್ಷೌರದ ಅಂಗಡಿಯಲ್ಲಿ ಹೋಗಿ ಕೂತು, "ಮೀಸಿ ತಗಿ" ಎಂದೆ.

ಅವನು ಕತ್ತರಿ ಕೆಳಗಿಟ್ಟ. "ಯಾರು ಹೋದ್ರು ಯಜಮಾನ್ರ?"

"ಯಾರೂ ಹೋಗಿಲ್ಲ. ತಗಿ ನೀ."

"ಈ ವಯಸ್ಸಿನಾಗ ಸುಮ್ಮನ ಯಾರೂ ತಗಸಂಗಿಲ್ರಿ."

ಬೆಂಚಿನ ಮೇಲೆ ಪೇಪರು ಓದುತ್ತಿದ್ದವನು ತಲೆ ಎತ್ತದೆ ಹೇಳಿದ, "ಎರಡನೇ ಲಗ್ನ ಇರಬೇಕು, ತಗೀಪಾ. ಪ್ರಾಯ ಕಾಣಲಿ."

ಅವರು ನಕ್ಕರು. ಕ್ಷೌರದವನು ಕೇಳಿದ್ದರಲ್ಲಿ ನನಗೊಂದು ಎಚ್ಚರಿಕೆ ಇತ್ತು. ನನ್ನ ತಲೆಗೆ ಅದು ಹೋಗಲಿಲ್ಲ.

ತಂಗಡಗಿಯಲ್ಲಿ ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದರು. ನಾನು ಮುಂದೆ ಹೋಗಿ ನಿಂತೆ. ತಲೆ ಎತ್ತಿದರು. ನನ್ನ ಮುಖ ನೋಡಿದರು, ಮೇಲ್ದುಟಿ ನೋಡಿದರು. ಮೊರ ಕೈಯಿಂದ ಜಾರಿ ಜೋಳವೆಲ್ಲ ನೆಲಕ್ಕೆ ಚೆಲ್ಲಿತು.

"ಯಾವಾಗ ಹೋದ್ಲು?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ನಾ ಫೋನ್ ಎತ್ತಲಿಲ್ಲ. ಆಕಿ ಆರಾಮ ಇರಲಿಲ್ಲ ಅಂತ ಕಾಣತೈತಿ, ಅದಕ್ಕ ಮಾರಿ ಮರೀ ಮಾಡ್ತಿದ್ಲು. ನಾನೇ ತಿಳೀಲಾರದಾಕಿ." ಓಣಿಯೆಲ್ಲ ಕೇಳುವಂತಿದ್ದ ಆ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆಗ ತಿಳಿಯಿತು. ನಮ್ಮ ಕಡೆ ಮುದುಕನೊಬ್ಬ ಹೇಳದೆ ಕೇಳದೆ ಮೀಸೆ ತೆಗೆಸಿಕೊಂಡು ಬೀಗರ ಅಂಗಳದಲ್ಲಿ ಬಂದು ನಿಂತರೆ ಮನೆಯಲ್ಲಿ ಸಾವಾಗಿದೆ ಎಂದು ಅವನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ನಾನು ಮಣ್ಣಿನಲ್ಲೇ ಅವರ ಎದುರಿಗೆ ಕೂತೆ. "ಇದ್ದಾಳ್ರಿ ಅಕ್ಕಾರ. ಇದ್ದಾಳ."

ಅವರು ನನ್ನ ತುಟಿ ನೋಡಿದರು. "ಇನ್ನೊಮ್ಮೆ ಹೇಳು."

"ಇದ್ದಾಳ. ಮನಿಯಾಗ ಅದಾಳ. ರೊಟ್ಟಿ ಬಡ್ಯಾಕತ್ತಾಳ."

ಅವರು ಖಾಲಿ ಮೊರ ಎತ್ತಿ ನನ್ನ ಭುಜದ ಮೇಲೆ ಒಂದು ಹಾಕಿದರು. "ಹಂಗಾದ್ರ ಮೀಸಿ ಯಾಕ ತಗದಿ, ಮೂಳಾ?"

"ನನ್ನ ಮಾತು ನಿಮಗ ಕಾಣಲಿ ಅಂತ್ರಿ."

ಆಮೇಲೆ ಹೇಳಿದೆ, ಎಲ್ಲವನ್ನೂ. ಸ್ವಿಚ್ಚಿನ ಮಾತು, ಕಬಡ್ಡಿ, ಇಂಡಿಯಲ್ಲಿ ಅಂದ ಸುಳ್ಳು. ಇಂಥ ಮಾತನ್ನು ತಲೆ ತಗ್ಗಿಸಿ ಹೇಳುವುದು ರೂಢಿ. ನನಗೆ ಆ ಅನುಕೂಲ ಸಿಗಲಿಲ್ಲ. ತಲೆ ಬಗ್ಗಿದ ಕೂಡಲೇ ಅವರು ಗದ್ದಕ್ಕೆ ಬೆರಳು ಹಚ್ಚಿ ಎತ್ತುತ್ತಿದ್ದರು. "ಮಾರಿ ಮ್ಯಾಲೆ ಮಾಡು. ಗುಳುಗುಳು ಅನಬ್ಯಾಡ." ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಬೇಕಾಯಿತು. ತಿಳಿಯದ ಕಡೆ ಎರಡೆರಡು ಸಲ. "ನಾನೇ ಕಡೀತಿದ್ದೆ" ಎಂಬುದನ್ನು ಮೂರು ಸಲ ಹೇಳಿಸಿದರು. ತಿಳಿಯದೆ ಹೇಳಿಸಿದರೋ ತಿಳಿದೇ ಹೇಳಿಸಿದರೋ ಗೊತ್ತಿಲ್ಲ.

"ನಿನ್ನ ಸುದ್ದಿ ಆಡ್ತೀವಿ ಅಂತ ತಿಳಿದಿದ್ದೇನು?"

"ಹೌದ್ರಿ."

"ಆಡ್ತಿದ್ವಿ. ಮತ್ತ ಯಾರ ಸುದ್ದಿ ಆಡಬೇಕಿತ್ತು?"

ಅಷ್ಟರಲ್ಲಿ ಅವರ ಮಗ ಹೊಲದಿಂದ ಬಂದ. ನನ್ನ ಮುಖ ಕಂಡು ಅವನೂ ಬಾಗಿಲಲ್ಲೇ ನಿಂತುಬಿಟ್ಟ. "ಯಾರೂ ಸತ್ತಿಲ್ಲ, ಫೋನ್ ತಾ" ಎಂದರು ಅಕ್ಕ. ನನ್ನನ್ನು ಪಕ್ಕಕ್ಕೆ ಸರಿಸಿ ಫೋನನ್ನು ತಾವೇ ಮುಖದ ಮುಂದೆ ಹಿಡಿದರು. ನನ್ನನ್ನು ಮೊದಲು ಕಂಡರೆ ಅಲ್ಲಿ ಆಕೆಯೂ ಇದೇ ತಿಳಿಯುತ್ತಿದ್ದಳು.

ಸಿಂದಗಿಯಿಂದ ಚಿತ್ರ ಬಂತು. ಅಕ್ಕನ ಹೆಗಲ ಮೇಲಿಂದ ನಾನೂ ನೋಡಿದೆ. ಅಷ್ಟು ದಿನದಲ್ಲಿ ಆ ಕಡೆಯಿಂದ ನಾನು ನೋಡಿದ್ದು ಅದೇ ಮೊದಲು. ಬಾಗಿಲ ಬೆಳಕೆಲ್ಲ ಬೆನ್ನಿಗಿತ್ತು. ನನ್ನ ಹೆಂಡತಿಯ ಮುಖ ಕಪ್ಪಾಗಿ, ಪಕ್ಕಕ್ಕೆ ಹೊರಳಿ, ನಮ್ಮನ್ನು ಬಿಟ್ಟು ಗೋಡೆಯನ್ನೋ ಮತ್ತೇನನ್ನೋ ನೋಡುವಂತಿತ್ತು. ಟ್ಯಾಬು ಅಡ್ಡ ನಿಂತಾಗ ಅದರ ಕ್ಯಾಮೆರಾ ಒಂದು ಮಗ್ಗುಲಿಗೆ ಹೋಗುತ್ತದೆ, ಆಕೆ ನೋಡುತ್ತಿದ್ದದ್ದು ನಡುವಿನ ಅಕ್ಕನ ಚಿತ್ರವನ್ನು. ಕಂಡದ್ದು ಅರ್ಧ ಬಾಯಿ. ನಾನಾಗಿದ್ದರೂ ಫೋನು ಎತ್ತುತ್ತಿರಲಿಲ್ಲ.

"ಅಕ್ಕಾ" ಎಂದು ಆಕೆ ದನಿ ತೆಗೆದು ಕರೆದಳು. ಅದು ನನಗೆ ಕೇಳಿತು, ಅಕ್ಕನಿಗೆ ಕೇಳಲಿಲ್ಲ.

"ಅದನ್ನ ಉದ್ದಕ ನಿಲ್ಲಸು" ಎಂದು ನಾನು ಹಿಂದಿನಿಂದ ಕೂಗಿದೆ. "ಭರಣಿಗೆ ಆನಿಸು. ಬಾಗಲ ಕಡೆ ಮಾರಿ ಮಾಡಿ ಕುಂದ್ರು."

ಚಿತ್ರ ತಿರುಗಿತು, ಸೂರು ಕಂಡಿತು, ಭರಣಿಯ ಮುಚ್ಚಳ ಕಂಡಿತು. ಆಮೇಲೆ ಬಾಗಿಲ ಬೆಳಕಿನಲ್ಲಿ ಆಕೆಯ ಮುಖ ನೇರವಾಗಿ ಬಂತು. ಹಳೆಯದರಷ್ಟು ಸ್ವಚ್ಛವೇನಲ್ಲ.

"ಹಾಂ. ಈಗ ಬಾಯಿ ಬಂತು" ಎಂದರು ಅಕ್ಕ. "ತಂಗೀ, ನಿನ್ನ ಗಂಡ ಒಂದು ಮಾತು ಹೇಳ್ತಾನ, ಕೇಳು." ಫೋನನ್ನು ನನ್ನ ಕೈಗೆ ಕೊಟ್ಟರು.

ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಆಕೆ ಮೊದಲು ನನ್ನ ಬೋಳು ತುಟಿ ನೋಡಿದಳು. ನಾನು ಹೇಳಿ ಮುಗಿಸಿದ ಮೇಲೆ ನನ್ನನ್ನು ಬಿಟ್ಟು, ಪಕ್ಕದಿಂದ ಇಣುಕುತ್ತಿದ್ದ ಅಕ್ಕನನ್ನು ನೋಡಿ ದನಿಯಿಲ್ಲದೆ ಏನೋ ಹೇಳಿದಳು. ಅಕ್ಕ ತಲೆ ಆಡಿಸಿದರು.

"ಏನಂದ್ಲ್ರೀ?" ಎಂದೆ.

"ಅದು ನಮ್ಮ ಮಾತು" ಎಂದು ಅಕ್ಕ ಚೆಲ್ಲಿದ ಜೋಳ ಬಳಿಯಲು ಕೂತರು. ನಾನೂ ಕೂತು ಬಳಿದೆ.

ಮನೆಗೆ ಬಂದ ಮೇಲೆ ಹೆಂಡತಿ ಜಗಳಾಡಲಿಲ್ಲ. ಊಟಕ್ಕೆ ನೀಡಿದಳು. ಮರುದಿನ ಸಂಜೆ ಟ್ಯಾಬನ್ನು ಭರಣಿಗೆ ಆನಿಸಿ ತಾನು ಕೂತ ಮೇಲೆ ನನ್ನನ್ನು ಕರೆದು, ಎದುರಿನ ಕಂಬದ ಬುಡ ತೋರಿಸಿದಳು. "ಇನ್ನ ಈ ಹೊತ್ತಿಗೆ ಇಲ್ಲೇ ಕುಂದರ್ರಿ. ನಿಮ್ಮ ಕೈ ನನಗ ಕಾಣಬೇಕು." ಸೊಸೆ ಒಳಗಿನಿಂದ ಒಂದು ಮೊರ ಶೇಂಗಾ ತಂದು ನನ್ನ ಮುಂದೆ ಇಟ್ಟು, ನಗು ತಡೆಯುತ್ತ ಹೋದಳು. ಆ ಕ್ರಮ ಇಂದಿಗೂ ನಡೆದಿದೆ. ಮೀಸೆ ಬೆಳೆಸುವುದಕ್ಕೆ ತಂಗಡಗಿಯಿಂದ ಅಪ್ಪಣೆ ಬಂದಿಲ್ಲ.

ನನಗೆ ಇನ್ನೂ ಒಂದು ಕಡೆ ಕೂಡಲು ಬರುವುದಿಲ್ಲ. ಅತ್ತ ಅಕ್ಕ "ಹೌದಾ? ಹಂಗಂದ್ರಾ?" ಎಂದು ನಕ್ಕಾಗ ಸುಲಿಯುವ ಕೈ ನಿಲ್ಲುತ್ತದೆ, ಮೊಣಕಾಲು ಏಳಲು ನೋಡುತ್ತದೆ. ಆಗ ನನ್ನ ಹೆಂಡತಿ ಟ್ಯಾಬಿನಿಂದ ಕಣ್ಣು ತೆಗೆದು ನನ್ನ ಕೈ ನೋಡುತ್ತಾಳೆ. ದನಿಯಿಲ್ಲದೆ, ತುಟಿಯಲ್ಲಷ್ಟೇ ಏನೋ ಹೇಳುತ್ತಾಳೆ. "ಸುಲೀರಿ" ಎಂದಿರಬೇಕು. ಸುಲಿಯುತ್ತೇನೆ.